ಕುನ್ನಿ ತಗೊಳ್ಳೋ ಮುಂಚೆ ಕೆನೆಲ್‌ ತಪಾಸಣಾ ದಾಖಲಿ: ಯಾರ ಹತ್ರ ಏನು ಕಾಣ್ತೈತಿ, ಏನು ಕಾಣೂದಿಲ್ಲ

ಬೆಳಗಾವಿ ಕಡೆ ಇರ್ಲಿ, ಬಾಗಲಕೋಟಿ-ವಿಜಯಪುರ ಕಡೆ ಇರ್ಲಿ, ಕುನ್ನಿ ತಗೋಬೇಕು ಅನ್ನಾವ್ರು ಮೊದಲು ಕೇಳೂದು ಎರಡ ಪ್ರಶ್ನೆ, ಯಾವ ಜಾತಿದು ಛಲೋ, ಎಷ್ಟಕ್ಕ ಸಿಗ್ತೈತಿ. ಯಾರ ಹತ್ರ ತಗೊಳ್ಳೂದು ಅನ್ನೋದು ಕಡೀಕ ಬರ್ತೈತಿ, ಅದೂ ಬಂದ್ರ. ನನ್ನ ಕೇಳಿದ್ರ ಇದು ಉಲ್ಟಾ ಆಗ್ಬೇಕು. ಲ್ಯಾಬ್ ಇರ್ಲಿ, ಜರ್ಮನ್ ಶೆಫರ್ಡ್ ಇರ್ಲಿ, ನಮ್ಮ ಮುಧೋಳ ನಾಯಿನ ಇರ್ಲಿ, ಮಾರಾವನ ದಾಖಲಿ ನಮ್ಮ ಕಣ್ಣಿಗೆ ಎಷ್ಟು ಕಾಣ್ತೈತಿ ಅನ್ನೋದರ ಮ್ಯಾಲೆ ಅರ್ಧ ನಿರ್ಧಾರ ಆಗ್ಬೇಕು, ಬಣ್ಣ, ಕಿವಿ, ಬಾಲ ಎಲ್ಲಾ ಆಮ್ಯಾಲೆ.

ಇಲ್ಲಿ ಐದು ದಾರಿ ಇಟ್ಟು ತೂಗಿ ನೋಡೂನು: ಫೋನ್‌ನ್ಯಾಗ ಫೋಟೋ ನೋಡಿ ತರಿಸೂದು, ಊರಾಗಿನ ಪೆಟ್ ಶಾಪ್, ನೋಂದಣಿ ಮಾಡಿಸಿರೋ ದೊಡ್ಡ ಕೆನೆಲ್ (ನಾಯಿ ಹುಟ್ಟಿಸಿ ಮಾರೋ ಜಾಗಾ), ಮುಧೋಳ ಸುತ್ತಲಿನ ಮನಿಗೋಳು ಮತ್ತ ತಿಮ್ಮಾಪುರದ ಸರ್ಕಾರಿ ಕೇಂದ್ರ, ಕಡೀಕ ರೊಕ್ಕ ಕೊಡದ ತಂದು ಸಾಕೂದು. ಅದಕ್ಕಿಂತ ಮುಂಚೆ ಯಾವ ಅಳತಿ ಇಟ್ಕೊಂಡು ತೂಗಬೇಕು ಅನ್ನೋದು ಗೊತ್ತಿರ್ಬೇಕಲ್ಲ, ಅಲ್ಲಿಂದ ಶುರು ಮಾಡ್ತೀನಿ, ಸ್ವಲ್ಪ ಉದ್ದ ಆಗ್ತೈತಿ, ಆದ್ರ ಅಸಲಿ ಮಾತು ಅದ.

ಕಾನೂನು ಏನು ಹೇಳ್ತೈತಿ

ಕೇಂದ್ರ ಸರ್ಕಾರ 2017ರಾಗ ನಾಯಿ ತಳಿ ಸಾಕಣಿ ಮತ್ತ ಮಾರಾಟದ ನಿಯಮ ತಂದೈತಿ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಡಿಗೆ. ಅದರ ಪ್ರಕಾರ ನಾಯಿ ಹುಟ್ಟಿಸಿ ಮಾರಾವ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯೊಳಗ ನೋಂದಣಿ ಮಾಡಿಸ್ಬೇಕು. ನೋಂದಣಿ ಕೊಡೋ ಮುಂಚೆ ಜಾಗಾ ತಪಾಸಣೆ ಆಗ್ಬೇಕು, ನೋಂದಣಿ ಎರಡು ವರ್ಷಕ್ಕ ಮಾತ್ರ, ಆಮ್ಯಾಲೆ ಮತ್ತ ಮಾಡಿಸ್ಬೇಕು, ಆ ಪ್ರಮಾಣಪತ್ರ ಎಲ್ಲಾರಿಗೂ ಕಾಣೂ ಹಂಗ ತೂಗಹಾಕ್ಬೇಕು. ಇದರಾಗ ಭಾಳ ಮಂದಿಗೆ ಗೊತ್ತಿಲ್ಲದ ಒಂದು ಮಾತೈತಿ: ಇಲ್ಲಿ ಬ್ರೀಡರ್ ಅಂದ್ರ ಬರೇ ಹುಟ್ಟಿಸಾವ ಅಲ್ಲ, ನಡುವಿನ ವ್ಯಾಪಾರಿ, ದಲಾಲಿ ಎಲ್ಲಾ ಸೇರ್ತಾರ. ಅಂದ್ರ "ನಾ ಬರೇ ಕೊಡಿಸಾವ್ರಿ, ನಂದೇನ ಕೆನೆಲ್ ಇಲ್ಲ" ಅನ್ನೋ ಮಾತು ನಡಿಯೂದಿಲ್ಲ.

ಇನ್ನ ಮರಿ ಮತ್ತ ತಾಯಿ ವಿಷಯಕ್ಕ ಬಂದ್ರ, ಎಂಟು ವಾರ ತುಂಬದ ಮರಿ ಮಾರೂಹಂಗಿಲ್ಲ. ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ಆಗೂ ತನಕ ಮರಿ ಹಾಕಿಸೂಹಂಗಿಲ್ಲ, ಎಂಟು ವರ್ಷ ದಾಟಿದ ಮ್ಯಾಲೂ ಇಲ್ಲ, ವರ್ಷಕ್ಕ ಒಂದ ಸೂಲು, ಜೀವಮಾನದಾಗ ಐದಕ್ಕಿಂತ ಹೆಚ್ಚು ಸೂಲು ಇಲ್ಲ. ಆರು ತಿಂಗಳು ದಾಟಿದ ನಾಯಿ ಮಾರಬೇಕಂದ್ರ ಮುಂದ ಮರಿ ಆಗದ ಹಂಗ ಆಪರೇಷನ್ ಮಾಡಿಸಿ ಮಾರಬೇಕು, ಇನ್ನೊಬ್ಬ ನೋಂದಣಿ ಇರೋ ಬ್ರೀಡರ್‌ಗೆ ಕೊಟ್ರ ಮಾತ್ರ ಬಿಡುವು. ಮರಿಗೆ ಮೈಕ್ರೋಚಿಪ್ (ಚರ್ಮದ ಕೆಳಗ ಕೂಡಿಸೋ ನಂಬರಿನ ಸಣ್ಣ ಚಿಪ್) ಇರ್ಬೇಕು, ಆ ನಂಬರ್ ಲಸಿಕಿ ಪುಸ್ತಕದಾಗ ಬರ್ದಿರ್ಬೇಕು, ಮಾರಿದ್ದಕ್ಕ ತಾರೀಖು ಹಾಕಿದ ರಸೀದಿ ಕೊಡ್ಬೇಕು. ಸಾಕಿದಾವ, ಮಾರಿದಾವ, ಸತ್ತಾವ, ಎಲ್ಲಾದರ ರಜಿಸ್ಟರ್ ಇಡ್ಬೇಕು.

ಕಾಗದದ ಮ್ಯಾಲೆ ಭಾಳ ಛಂದ ಐತಿ ಇದು. ಆದ್ರ ತಪ್ಪಿದಾವ್ಗ ಏನಾಗ್ತೈತಿ ಅಂತ ನೋಡಿದ್ರ ನಗು ಬರ್ತೈತಿ, 1960ರ ಕಾಯ್ದೆಯ 11ನೇ ಕಲಮಿನ್ಯಾಗ ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಪ್ಲೇಟ್ ಗಿರ್ಮಿಟ್, ಮ್ಯಾಲೊಂದು ಚಾ. ಹಂಗಾಗಿ ಇಲಾಖೆಯವ್ರು ನೋಡ್ಕೋತಾರ ಅಂತ ಕುಂತ್ರ ಆಗೂದಿಲ್ಲ, ದಾಖಲಿ ಕೇಳೋ ಕೆಲಸ ರೊಕ್ಕ ಕೊಡಾವ್ರದ.

ಇನ್ನೊಂದು ಗೊಂದಲ ಈಗ ಬಿಡಸ್ತೀನಿ. "ಕೆಸಿಐ ಪೇಪರ್ ಐತ್ರಿ" ಅಂದ ಕೂಡಲೆ ಭಾಳ ಮಂದಿ ಎಲ್ಲಾ ಸರಿ ಐತಿ ಅಂತ ಸುಮ್ನಾಗ್ತಾರ. ಕೆನೆಲ್ ಕ್ಲಬ್ ಆಫ್ ಇಂಡಿಯಾ ಚೆನ್ನೈನ ಸಂಸ್ಥೆ, ಅವರು ಕೊಡೂದು ವಂಶದ ಕಾಗದ, ಅಪ್ಪ ಯಾರು, ಅವ್ವ ಯಾರು, ಅಜ್ಜ ಯಾರು ಅಂತ. ಆ ಅವ್ವನ್ನ ಎಂಥಾ ಗೂಡಿನ್ಯಾಗ ಇಟ್ಟಿದ್ರು, ವರ್ಷಕ್ಕ ಎಷ್ಟು ಸಲ ಮರಿ ಹಾಕಿಸಿದ್ರು, ಇಲಾಖೆಯವ್ರು ಬಂದು ನೋಡಿದಾಗ ಏನು ಕಂಡ್ರು ಅನ್ನೋದು ಆ ಕಾಗದದಾಗ ಇರೂದಿಲ್ಲ. ಡಾಗ್ ಶೋಗೆ ಹೋಗೂದಿದ್ರ ಅದು ಬೇಕ ಬೇಕು, ಆದ್ರ ತಪಾಸಣಾ ದಾಖಲಿ ಬ್ಯಾರೆ.

ತಪಾಸಣಾ ವರದಿ ಕೈಗೆ ಹೆಂಗ ಸಿಗ್ತೈತಿ

ಅಮೆರಿಕದಾಗ ಕೃಷಿ ಇಲಾಖೆ ದೊಡ್ಡ ದೊಡ್ಡ ಕೆನೆಲ್‌ಗಳ ತಪಾಸಣಾ ವರದಿ ಇಂಟರ್‌ನೆಟ್‌ನ್ಯಾಗ ಹಾಕ್ತೈತಿ, ಲೈಸೆನ್ಸ್ ನಂಬರ್ ಹಾಕಿದ್ರ ಯಾವ ತಾರೀಖಿಗೆ ಹೋಗಿದ್ರು, ಏನು ತಪ್ಪು ಕಂಡ್ರು ಎಲ್ಲಾ ಬರ್ತೈತಿ. 2017ರಾಗ ಒಮ್ಮೆಲೆ ಅದನ್ನ ತಗದು ಹಾಕಿದ್ರು, ಗದ್ದಲ ಆಗಿ 2020ಕ್ಕ ಮತ್ತ ಹಾಕಿದ್ರು. ಅಲ್ಲೂ ವರದಿ ಸ್ವಚ್ಛ ಐತಿ ಅಂದ್ರ ಕೆನೆಲ್ ಛಲೋ ಐತಿ ಅಂತ ಅರ್ಥ ಅಲ್ಲ, ಕನಿಷ್ಠ ಅಳತಿ ದಾಟೈತಿ ಅಂತ ಅಷ್ಟ. ಅಲ್ಲಿಯ ನಿಯಮದಾಗ ಗೂಡಿನ ಎತ್ತರ ನಾಯಿ ತಲಿಗಿಂತ ಆರು ಇಂಚು ಮ್ಯಾಲಿದ್ರ ಸಾಕು, ಅದನ್ನ ಸುಖ ಅಂತ ಯಾರೂ ಅನ್ನೂದಿಲ್ಲ. ಅಲ್ಲಿರೋ ಅಳಿಯ ಅಲ್ಲಿಂದ ಹುಡುಕಿ ಹೇಳ್ತಾನ ಅನ್ನಾವ್ರಿಗೆ ಒಂದ ಮಾತು, ಅಲ್ಲಿ ಹುಡುಕಿದ್ರ ಅಲ್ಲಿಯ ಕೆನೆಲ್ ಸಿಗ್ತಾವ, ನಮ್ಮ ಗೋಕಾಕಿಂದು ಸಿಗೂದಿಲ್ಲ.

ನಮ್ಮಲ್ಲಿ ದಾರಿ ಮಾಹಿತಿ ಹಕ್ಕು. 2005ರ ಕಾಯ್ದೆ, ಅರ್ಜಿ ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕಾರ್ಡ್ ಇದ್ರ ಅದೂ ಇಲ್ಲ. ಜಿಲ್ಲಾದಾಗಿನ ಪಶುಪಾಲನಾ ಮತ್ತ ಪಶುವೈದ್ಯಕೀಯ ಸೇವಾ ಇಲಾಖೆಯ ಉಪನಿರ್ದೇಶಕರ ಕಚೇರಿ ಮಾಹಿತಿ ಅಧಿಕಾರಿಗೆ ಬರೀರಿ, ದಾಖಲಿ ಅವರ ಹತ್ರ ಇರದ ಬೆಂಗಳೂರಿನ ಮಂಡಳಿ ಹತ್ರ ಇದ್ರ ಐದು ದಿನದಾಗ ಅಲ್ಲಿಗೆ ವರ್ಗ ಮಾಡೂದು ಅವರ ಕೆಲಸ, 6(3)ನೇ ಕಲಮು. ಕರ್ನಾಟಕದ ನಿಯಮದಾಗ ಅರ್ಜಿ ಒಂದ ವಿಷಯದ ಮ್ಯಾಲೆ, 150 ಶಬ್ದದೊಳಗ ಇರ್ಬೇಕು ಅಂತ ಐತಿ, ಅದಕ್ಕ ಪುರಾಣ ಬರೀಬ್ಯಾಡ್ರಿ. "ಯಾಕ ತಪಾಸಣೆ ಮಾಡಿಲ್ಲ" ಅಂತ ಕೇಳಿದ್ರ ಉತ್ತರ ಬರೂದಿಲ್ಲ, ಪ್ರತಿ ಕೇಳ್ಬೇಕು. ಹಿಂಗ ಬರದ್ರ ಸಾಕು:

"ಇಂಥ ತಾಲೂಕಿನ ಇಂಥ ಊರಿನಲ್ಲಿರುವ ಇಂಥ ಹೆಸರಿನ ನಾಯಿ ಸಾಕಣೆ ಕೇಂದ್ರಕ್ಕೆ 2017ರ ನಿಯಮಗಳ ಅಡಿ ನೀಡಿರುವ ನೋಂದಣಿ ಪ್ರಮಾಣಪತ್ರದ ಪ್ರತಿ, ಇದುವರೆಗೆ ನಡೆದ ಎಲ್ಲ ತಪಾಸಣೆಗಳ ವರದಿಯ ಪ್ರತಿ, ಸ್ವೀಕರಿಸಿದ ದೂರುಗಳು ಹಾಗೂ ನೀಡಿದ ನೋಟಿಸುಗಳ ಪ್ರತಿ ಒದಗಿಸಬೇಕಾಗಿ ಕೋರುತ್ತೇನೆ."

ಮೂವತ್ತು ದಿನದಾಗ ಉತ್ತರ ಬರ್ಬೇಕು, ಬರ್ಲಿಲ್ಲ ಅಂದ್ರ ಮೇಲ್ಮನವಿ. "ಮೂವತ್ತು ದಿನ ಯಾರು ಕಾಯ್ತಾರ, ಅಷ್ಟರಾಗ ಮರಿ ಹೋಗ್ತೈತಿ" ಅಂತ ಎಲ್ಲಾರೂ ಅಂತಾರ. ಲೆಕ್ಕ ಹಾಕಿ ನೋಡ್ರಿ. ನಾಯಿ ಬಸಿರು ಸುಮಾರು 63 ದಿನ, ಹುಟ್ಟಿದ ಮ್ಯಾಲೆ ಎಂಟು ವಾರ ಅಂದ್ರ 56 ದಿನ, ಒಟ್ಟು ಹತ್ತಿರ ನಾಕು ತಿಂಗಳು. ಸರಿಯಾದ ಬ್ರೀಡರ್ ಹೆಣ್ಣು ಗಬ್ಬ ಆದಾಗಿಂದ ಹೆಸರು ಬರ್ಕೋತಾನ, ಮರಿ ಹುಟ್ಟಿದ ದಿನಾ ಅರ್ಜಿ ಹಾಕಿದ್ರೂ ಮರಿ ತಾಯಿ ಬಿಡೂದರೊಳಗ ಉತ್ತರ ಬಂದಿರ್ತೈತಿ. ಟೈಮ್ ಸಾಲೂದಿಲ್ಲ ಅಂತ ಆಗೂದು "ನಾಳೆನ ಒಯ್ರಿ, ಇನ್ನೊಬ್ರು ಗಿರಾಕಿ ಕಾಯ್ಲಿಕ್ಹತ್ಯಾರ" ಅನ್ನಾವನ ಹತ್ರ ಮಾತ್ರ.

ವರದಿ ಬಂದ್ರ ಮೊದಲು ತಾರೀಖು ನೋಡ್ರಿ. ನೋಂದಣಿ ಟೈಮಿಗೆ ಒಂದ ಸಲ ನೋಡಿ ಹೋಗ್ಯಾರೋ, ಆಮ್ಯಾಲೂ ಬಂದಾರೋ. ಆಮ್ಯಾಲೆ ಹೆಣ್ಣುನಾಯಿ ಎಷ್ಟು ಅಂತ ಬರ್ದಿದ್ರ ಅದನ್ನ ಹಿಡೀರಿ, ನನ್ನ ಪ್ರಕಾರ ವರದಿಯೊಳಗ ಎಲ್ಲಾಕ್ಕಿಂತ ಮಾತಾಡೋ ಸಾಲು ಅದ. ಆರು ಹೆಣ್ಣು ಅಂತ ಐತಿ ಅಂದ್ರ ನಿಯಮದ ಪ್ರಕಾರ ವರ್ಷಕ್ಕ ಹೆಚ್ಚಂದ್ರ ಆರು ಸೂಲು. ಅವನ ಇನ್‌ಸ್ಟಾಗ್ರಾಮ್ ಪೇಜಿಗೆ ಹೋಗಿ ಒಂದು ವರ್ಷದ ಪೋಸ್ಟ್ ಹಿಂದಕ್ಕ ಸರಿಸ್ಕೋತ ಹೋಗ್ರಿ, ವಾರಕ್ಕೊಂದು ಹೊಸ ಗುಂಪು, ಇವತ್ತು ಲ್ಯಾಬ್ ನಾಳೆ ಹಸ್ಕಿ ನಾಡಿದ್ದು ಪಗ್ ಅಂತ ಇದ್ರ, ಆ ಮರಿಗೋಳು ಆ ಆರು ಹೆಣ್ಣಿಂದ ಬಂದಾವ ಅಲ್ಲ, ಎಲ್ಲಿಂದಲೋ ತಂದು ಮಾರ್ಲಿಕ್ಹತ್ಯಾನ.

"ಅಂಥ ದಾಖಲೆ ಲಭ್ಯವಿಲ್ಲ" ಅಂತ ಉತ್ತರ ಬಂದ್ರ ಅದೂ ಉತ್ತರನ. ಗ್ವಾಡಿಗೆ ಪ್ರಮಾಣಪತ್ರ ತೂಗಹಾಕಿ ಇಲಾಖೆ ಹತ್ರ ದಾಖಲಿ ಇಲ್ಲ ಅಂದ್ರ ಏನು ಅಂತ ಬಿಡಿಸಿ ಹೇಳ್ಬೇಕಿಲ್ಲ.

ಗಡಿ ಮಂದಿಗೆ ಒಂದು ಮಾತು. ಬೆಳಗಾವಿಯವ್ರು ಕೊಲ್ಹಾಪುರ, ಪುಣೆ, ಗೋವಾದಿಂದ, ವಿಜಯಪುರದವ್ರು ಸೊಲ್ಲಾಪುರದಿಂದ ತರೂದು ರೂಢಿ. ಕೆನೆಲ್ ಯಾವ ರಾಜ್ಯದಾಗ ಐತೋ ನೋಂದಣಿ ಆ ರಾಜ್ಯದ ಮಂಡಳಿದು, ಅರ್ಜಿನೂ ಅಲ್ಲಿಗೆ ಹಾಕ್ಬೇಕು.

ಕಾಗದ ಎಷ್ಟ ಇದ್ರೂ ಹೋಗಿ ನೋಡೂದು ಬಿಡಬ್ಯಾಡ್ರಿ

ನಮ್ಮ ಕಡೆ ಸಂತ್ಯಾಗ ಎತ್ತು ತಗೋಬೇಕಂದ್ರ ಮಾಲೀಕ ಹೇಳಿದ ವಯಸ್ಸು ಯಾರೂ ನಂಬೂದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡ್ತಾರ, ನಡಿಸಿ ನೋಡ್ತಾರ. ಅದ ಮಂದಿ ಇಪ್ಪತ್ತು ಸಾವಿರ ಕೊಟ್ಟು ಕುನ್ನಿ ತಗೊಳ್ಳುವಾಗ ಬಾಯಿ ಮುಟ್ಟೂದಿಲ್ಲ. ಕುನ್ನಿಗೂ ಹಲ್ಲು ಲೆಕ್ಕಕ್ಕ ಬರ್ತಾವ. ಮೂರು-ನಾಕು ವಾರಕ್ಕ ಹಾಲಹಲ್ಲು ಬರ್ಲಿಕ್ಕ ಶುರು ಆಗಿ ಎಂಟು ವಾರದ ಹೊತ್ತಿಗೆ ಹೆಚ್ಚುಕಡಿಮಿ 28ಕ್ಕ 28 ಬಂದಿರ್ತಾವ. ಮುಂದಿನ ಹಲ್ಲ ಇನ್ನಾ ಈಗ ಮೊಳಕಿ ಒಡದಾವ, ಹಿಂದ ವಸಡು ಖಾಲಿ ಐತಿ ಅಂದ್ರ "ಎರಡು ತಿಂಗಳ ಆಗೈತ್ರಿ" ಅನ್ನೋದು ಸುಳ್ಳು.

ಲಸಿಕಿ ಪುಸ್ತಕ ಕೈಯಾಗ ತಗೊಂಡು ಬೆಳಕಿಗೆ ಹಿಡದು ನೋಡ್ರಿ. ಲಸಿಕಿ ಬಾಟಲಿ ಮ್ಯಾಲಿನ ಸಣ್ಣ ಸ್ಟಿಕ್ಕರ್ ಕಿತ್ತಿ ಅಂಟಿಸಿರ್ಬೇಕು, ಅದರಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ಇರ್ತೈತಿ, ಬಾಜೂಕ ಡಾಕ್ಟರ ಸಹಿ, ಸೀಲು, ಸೀಲಿನ್ಯಾಗ ಅವರ ನೋಂದಣಿ ನಂಬರ್. ಮೂರು ತಾರೀಖು ಒಂದ ಪೆನ್ನಿಲೆ, ಒಂದ ಕೈಲೆ, ಒಂದ ಒತ್ತಡದಾಗ ಬರ್ದಿದ್ರ, ಸ್ಟಿಕ್ಕರ್ ಜಾಗಾದಾಗ ಬರೇ ಲಸಿಕಿ ಹೆಸರು ಗೀಚಿದ್ರ, ಆ ಪುಸ್ತಕ ನಿನ್ನೆ ಸಂಜಿಕ ಕುಂತು ಬರ್ದದ್ದು. ಆರು-ಎಂಟು ವಾರಕ್ಕ ಮೊದಲ ಡೋಸು, ಆಮ್ಯಾಲೆ ಎರಡರಿಂದ ನಾಕು ವಾರಕ್ಕೊಮ್ಮೆ ಹದಿನಾರು ವಾರದ ತನಕ, ರೇಬೀಸ್ ಮೂರು ತಿಂಗಳಿಗೆ. ಐದು ವಾರದ ಮರಿ ಪುಸ್ತಕದಾಗ ರೇಬೀಸ್ ಹಾಕೈತಿ ಅಂದ್ರ ಬರದಾವ್ಗ ಲೆಕ್ಕನ ಗೊತ್ತಿಲ್ಲ.

ಆಮ್ಯಾಲೆ ತಾಯಿನ್ನ ತೋರ್ಸು ಅನ್ರಿ. ಮರಿ ಜೊತಿ ಇದ್ದಾಗ ನೋಡ್ಬೇಕು, ಬ್ಯಾರೆ ನಾಯಿ ತೋರಿಸಿದ್ರ ಮರಿಗೋಳ ನಡತಿ ಹೇಳ್ತೈತಿ, ಮೊಲಿ ನೋಡಿದ್ರೂ ಗೊತ್ತಾಗ್ತೈತಿ. ಮೈಮ್ಯಾಲೆ ಎಲುಬು ಎಣಸೂಹಂಗ ಇದ್ರ, ಕಾಲಿನ ಅಡಿಗೆ ಜಾಳಗಿ ಮ್ಯಾಲೆ ನಿಂತು ನಿಂತು ಗಾಯ ಆಗಿ ಬೆರಳು ಅಗಲ ಆಗಿದ್ರ, ಉಗುರು ಸುತ್ತಿಕೊಂಡಿದ್ರ, ವಾಪಸ್ ಬರ್ರಿ. ಮುಂದಿನ ಕೋಣಿಯೊಳಗ ಕುಂದ್ರಿಸಿ ಚಾ ಕೊಟ್ಟು ಮರಿ ಎತ್ಕೊಂಡು ಬರ್ತಾರ, ಹಿಂದಕ್ಕ ಬಿಡೂದಿಲ್ಲ, "ಇನ್‌ಫೆಕ್ಷನ್ ಆಗ್ತೈತ್ರಿ, ಹೊರಗಿನವ್ರನ್ನ ಬಿಡೂದಿಲ್ಲ" ಅಂತಾರ. ಪಾರ್ವೋ ಅಂದ್ರ ಮರಿಗೋಳ ಜೀವ ತಗೊಳ್ಳೋ ವೈರಸ್ ರೋಗ, ಅದರ ಹೆದರಿಕಿ ಖರೇ ಐತಿ, ಚಪ್ಪಲಿಗೆ ಹತ್ತಿ ಬರ್ತೈತಿ. ಆದ್ರ ಚಪ್ಪಲಿ ಬಿಟ್ಟು, ಕಾಲು ತೊಳ್ಕೊಂಡು, ದೂರದಿಂದ ನೋಡ್ತೀನಿ ಅಂದ್ರೂ ಬ್ಯಾಡ ಅಂದ್ರ ಅದು ಪಾರ್ವೋ ಹೆದರಿಕಿ ಅಲ್ಲ.

ಈಗ ಒಂದೊಂದ ದಾರಿ

ಫೋಟೋ ನೋಡಿ ತರಿಸೂದು. ಬೆಂಗಳೂರಿಂದೋ ಪುಣೆಯಿಂದೋ ಡಬ್ಬಿಯೊಳಗ ಹಾಕಿ ರಾತ್ರಿ ಬಸ್ಸಿಗೆ ಕೊಟ್ಟು ಬಿಡ್ತಾರ, ಮುಂಜಾನೆ ಸ್ಟ್ಯಾಂಡಿಗೆ ಹೋಗಿ ಇಳಿಸ್ಕೋಬೇಕು. ದರ ಕಡಿಮಿ, ಜಾತಿ ಬೇಕಾದ್ದು, ಹೋಗಿಬರೋ ತ್ರಾಸಿಲ್ಲ. ಆದ್ರ ಮ್ಯಾಲೆ ಹೇಳಿದ ಅಳತಿಗೋಳ ಒಳಗ ಒಂದೂ ನಿಮ್ಮ ಕೈಯಾಗ ಇರೂದಿಲ್ಲ, ಜಾಗಾ ನೋಡಿಲ್ಲ, ತಾಯಿ ನೋಡಿಲ್ಲ, ಮಾರಾವನ ಖರೇ ಹೆಸರು ಗೊತ್ತಿಲ್ಲ ಅಂದ್ಮ್ಯಾಲೆ ಮಾಹಿತಿ ಹಕ್ಕಿನ ಅರ್ಜಿನಾದ್ರೂ ಯಾರ ಹೆಸರಿಲೆ ಹಾಕ್ತೀರಿ. ನಾಯಿ ಸಾಗಿಸೂದಕ್ಕೂ 1978ರ ನಿಯಮ ಐತಿ, ಪ್ರಯಾಣಕ್ಕ ಯೋಗ್ಯ ಐತಿ ಅಂತ ಪಶುವೈದ್ಯರ ಪ್ರಮಾಣಪತ್ರ ಜೊತಿಗೆ ಬರ್ಬೇಕು, ಆ ಡಬ್ಬಿ ಜೊತಿ ಅದು ಬಂದದ್ದು ನಾ ಕಂಡಿಲ್ಲ. ಪಾರ್ವೋ ಮೈಯೊಳಗ ಹೊಕ್ಕು ಹೊರಗ ಕಾಣ್ಲಿಕ್ಕ ಮೂರು ದಿನದಿಂದ ಎರಡು ವಾರ ಹಿಡೀತೈತಿ, ಅಂದ್ರ ಬಂದ ಮರುದಿನಾನ ವಾಂತಿ, ರಕ್ತಭೇದಿ ಶುರು ಆತಂದ್ರ ಅದು ನಿಮ್ಮ ಮನ್ಯಾಗ ಹತ್ತಿದ್ದಲ್ಲ, ಅಲ್ಲಿಂದ ತಂದದ್ದು. ಆಮ್ಯಾಲೆ ದಿನಾ ಸಲೈನು, ಇಂಜೆಕ್ಷನ್ನು, ಉಳಿಸಿದ ರೊಕ್ಕದ ಎರಡಪಟ್ಟು ಅಲ್ಲಿ ಹೋಗ್ತೈತಿ, ಮರಿ ಉಳೀತೈತಿ ಅಂತ ಗ್ಯಾರಂಟಿ ಇಲ್ಲ. ಎಷ್ಟ ಅಗ್ಗ ಇದ್ರೂ ಈ ದಾರಿ ಬ್ಯಾಡ ಅಂತನ ಹೇಳ್ತೀನಿ, ಇದರಾಗ ನಡುವಿನ ಮಾತಿಲ್ಲ.

ಊರಾಗಿನ ಪೆಟ್ ಶಾಪ್. ಇದಕ್ಕ 2018ರ ಪೆಟ್ ಶಾಪ್ ನಿಯಮ ಬ್ಯಾರೆ ಐತಿ, ಇವರೂ ರಾಜ್ಯ ಮಂಡಳಿಯೊಳಗ ನೋಂದಣಿ ಆಗ್ಬೇಕು. ಲಾಭ ಏನಂದ್ರ ಅಂಗಡಿ ಊರಾಗೈತಿ, ಮರಿಗೆ ಏನರ ಆದ್ರ ಹೋಗಿ ಮುಂದ ನಿಂದ್ರಬಹುದು, ಅಂಗಡಿಯವ ಓಡಿ ಹೋಗೂದಿಲ್ಲ. ತೊಂದ್ರಿ ಏನಂದ್ರ ತಾಯಿ ಅಲ್ಲಿಲ್ಲ, ಬ್ಯಾರೆ ಬ್ಯಾರೆ ಕಡಿಂದ ಬಂದ ಮರಿ ಒಂದ ಜಾಗಾದಾಗ ಇರ್ತಾವ, ಒಂದಕ್ಕಿದ್ದ ರೋಗ ಎಲ್ಲಾದಕ್ಕೂ. ಅಂಗಡಿಯವನ ನೋಂದಣಿ ಅಷ್ಟ ಕೇಳಿ ಬಿಟ್ರ ಅರ್ಧ ಆತು, "ಈ ಮರಿ ಯಾವ ಕೆನೆಲ್‌ದು, ಆ ರಸೀದಿ ತೋರಿಸು" ಅನ್ರಿ. ತೋರಿಸಿದ ಅಂದ್ರ ಆ ಕೆನೆಲ್ ಹೆಸರು ಹಿಡದು ಮುಂದಿನ ಹುಡುಕಾಟ. "ನಮ್ಮವ್ರ ಒಬ್ರು ಕೊಡ್ತಾರ" ಅಂದ ಅಂದ್ರ ಒಂದು ಬೆಲ್ಟು, ಒಂದು ಬಟ್ಟಲ ತಗೊಂಡು ಬರ್ರಿ, ಮರಿ ಬ್ಯಾಡ.

ನೋಂದಣಿ ಇರೋ ದೊಡ್ಡ ಕೆನೆಲ್. ದರ ಹೆಚ್ಚು, ಕಾಗದ ಇಲ್ಲದ ಲ್ಯಾಬಿಗೂ ವಂಶದ ಕಾಗದ ಇರೋ ಲ್ಯಾಬಿಗೂ ಎರಡಪಟ್ಟು ಫರಕ್ ಸಹಜ. ಆದ್ರ ದಾಖಲಿ ಅಂತ ಒಂದು ಇರೂದು ಇಲ್ಲೆ: ನೋಂದಣಿ ನಂಬರ್, ತಪಾಸಣೆ, ರಜಿಸ್ಟರ್, ಚಿಪ್, ರಸೀದಿ. ಮನ್ಯಾಗ ಸಣ್ಣ ಹುಡುಗುರು ಇರಾವ್ರು, ಮೊದಲ ಸಲ ನಾಯಿ ಸಾಕಾವ್ರು, ಲ್ಯಾಬ್ ಅಥವಾ ಶೆಫರ್ಡ್ ಬೇಕ ಬೇಕು ಅನ್ನಾವ್ರು ಇಲ್ಲಿಗೆ ಹೋಗೂದು ಛಲೋ. ಅದರ ಜೊತಿಗೆ ಅಪ್ಪ-ಅವ್ವನ ಸೊಂಟದ ಎಕ್ಸ್‌ರೇ ಐತೇನು ಕೇಳ್ರಿ, ಈ ಎರಡೂ ಜಾತಿಗೆ ಸೊಂಟದ ಕೀಲಿನ ತೊಂದ್ರಿ ವಂಶದಾಗ ಬರ್ತೈತಿ, ನಮ್ಮ ಕಡೆ ಎಕ್ಸ್‌ರೇ ತಗಸಿಟ್ಟಾವ್ರು ಭಾಳ ಕಡಿಮಿ, ಇದ್ದಾವ್ರು ಸಿಕ್ರ ಎರಡು ಸಾವಿರ ಹೆಚ್ಚಾದ್ರೂ ಕೊಡ್ರಿ. ಅಪಾಯ ಏನಂದ್ರ ದೊಡ್ಡ ಕೆನೆಲ್ ಅಂದ್ರ ನಾಯಿ ಹೆಚ್ಚು, ನೋಡ್ಕೊಳ್ಳೋ ಕೈ ಕಡಿಮಿ, ಮರಿಗೆ ಮನಷ್ಯಾರ ರೂಢಿ ಇರೂದಿಲ್ಲ, ಮುಟ್ಟಿದ್ರ ಮೂಲಿಗೆ ಹೋಗಿ ಕುಂದರ್ತೈತಿ. ತಪಾಸಣಾ ವರದಿ ಎಷ್ಟ ಛಲೋ ಇದ್ರೂ ಅದರಾಗ ಇದು ಬರೂದಿಲ್ಲ, ನೀವ ಹತ್ತು ನಿಮಿಷ ನೆಲಕ್ಕ ಕುಂತು ನೋಡ್ಬೇಕು.

ಮುಧೋಳ. ಇದು ಬಾಗಲಕೋಟಿ ಜಿಲ್ಲಾದ್ದು ಆದ್ದರಿಂದ ನನಗ ಸ್ವಲ್ಪ ಪಕ್ಷಪಾತ ಇರ್ತೈತಿ, ಇಟ್ಕೊಂಡು ಓದ್ರಿ. ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನ ಬೆಳಸಿದ ಬೇಟಿ ನಾಯಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಕಾಣಿಕಿ ಕೊಟ್ಟದ್ದು, 2005ರಾಗ ಅಂಚೆ ಚೀಟಿ ಮ್ಯಾಲೆ ಬಂದದ್ದು, ಆಮ್ಯಾಲೆ ಸೈನ್ಯದವ್ರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟದ್ದು, ಇದೆಲ್ಲಾ ಎಲ್ಲಾರಿಗೂ ಗೊತ್ತೈತಿ. ಕೆಸಿಐ ಕಾಗದದಾಗ ಇದರ ಹೆಸರು ಕಾರವಾನ್ ಹೌಂಡ್ ಅಂತಿರ್ತೈತಿ, ಗಾಬರಿ ಆಗಬ್ಯಾಡ್ರಿ.

ಇಲ್ಲಿ ಎರಡು ಬಾಗಿಲು. ಒಂದು ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗ ನಡೀತೈತಿ. ಸರ್ಕಾರಿ ಸಂಸ್ಥೆ ಅಂದ್ಮ್ಯಾಲೆ ಮಾಹಿತಿ ಹಕ್ಕು ನೇರ ಅಲ್ಲಿಗೆ ನಡೀತೈತಿ, ಡಾಕ್ಟರ್ ಅಲ್ಲೆ ಇರ್ತಾರ, ತಳಿ ಶುದ್ಧ ಇರೋ ಭರವಸಿ ಹೆಚ್ಚು. ಆದ್ರ ಹೋದ ದಿನಾನ ಕಂಕುಳಾಗ ಇಟ್ಕೊಂಡು ಬರಬಹುದು ಅನ್ಕೋಬ್ಯಾಡ್ರಿ, ಹೆಸರು ಹಚ್ಚಿ ಕಾಯೂದು ಆಗ್ತೈತಿ. ಎರಡನೇದು ಸುತ್ತಲಿನ ಹಳ್ಳಿ ಮನಿಗೋಳು. ಒಂದೆರಡು ಹೆಣ್ಣು ಇಟ್ಕೊಂಡು, ಜೋಳದ ರೊಟ್ಟಿ ಹಾಲು ಹಾಕಿ, ಹೊಲದಾಗ ಬಿಟ್ಟು ಬೆಳಸ್ತಾರ. ಮಾರ್ತಾರ ಅಂದ್ಮ್ಯಾಲೆ ಇವರಿಗೂ ನಿಯಮ ಲಾಗೂ ಆಗ್ತೈತಿ, ನೋಂದಣಿ ಕೇಳೂದು ಬಿಡಬಾರ್ದು, ಆದ್ರ ಭಾಳ ಮನಿಯೊಳಗ ತೋರಸ್ಲಿಕ್ಕ ಕಾಗದ ಇರೂದಿಲ್ಲ ಅನ್ನೋದೂ ಖರೇ. ಕಾಗದ ಇಲ್ಲದಿದ್ರೂ ಕಣ್ಣಿಗೆ ಕಾಣೂದು ಇಲ್ಲೆ ಎಲ್ಲಾಕ್ಕಿಂತ ಹೆಚ್ಚು: ತಾಯಿ ಕಟ್ಟಿ ಮ್ಯಾಲೆ ಮಲ್ಕೊಂಡಿರ್ತೈತಿ, ತಂದಿ ಬಾಜೂ ಓಣ್ಯಾಗ, ಹೋದ ವರ್ಷದ ಮರಿ ಎದರ ಮನ್ಯಾಗ ಬೆಳದು ನಿಂತಿರ್ತೈತಿ. ಊರ ಪಶು ಆಸ್ಪತ್ರಿಗೆ ಹೋಗಿ "ಅವರ ಮನಿ ನಾಯಿ ಹೆಂಗ್ರಿ ಡಾಕ್ಟರ್, ಲಸಿಕಿಗೆ ತರ್ತಾರೇನ್ರಿ" ಅಂತ ಒಂದು ಮಾತು ಕೇಳಿದ್ರ ವರದಿಗಿಂತ ಹೆಚ್ಚು ಗೊತ್ತಾಗ್ತೈತಿ.

ಎಚ್ಚರಿಕಿ ಎರಡು. ಓಟದ ಆಸೆಗೆ ಗ್ರೇಹೌಂಡ್ ಕ್ರಾಸ್ ಮಾಡಿದ್ದನ್ನೂ ಮುಧೋಳ ಅಂತ ಕೊಡ್ತಾರ, ಅದಕ್ಕ ಅಪ್ಪ-ಅವ್ವ ಎರಡೂ ನೋಡ್ಬೇಕು. ತಿಂಗಳ ಮರಿನ ಎಬ್ಬಿಸಿ ಕೊಡೋ ರೂಢಿನೂ ಐತಿ. ಅಲ್ಲಿ ಜಗಳ ಮಾಡೂದಕ್ಕಿಂತ ಅರ್ಧ ರೊಕ್ಕ ಮುಂಗಡ ಕೊಟ್ಟು, "ಯಜಮಾನ್ರ, ಇನ್ನ ಒಂದು ತಿಂಗಳ ತಾಯಿ ಹತ್ರನ ಇರ್ಲಿ, ಹಾಲಿನ ಖರ್ಚು ನಾ ಕೊಡ್ತೀನಿ" ಅಂದ್ರ ಒಪ್ತಾರ.

ರೊಕ್ಕ ಕೊಡದ ತಂದು ಸಾಕೂದು. ಓಣಿ ನಾಯಿ ಮರಿ, ಇಲ್ಲಾ ಯಾರೋ ಸಾಕ್ಲಿಕ್ಕ ಆಗದ ಬಿಟ್ಟ ಜಾತಿ ನಾಯಿ. ಇದಕ್ಕ ತಪಾಸಣಾ ದಾಖಲಿ ಪ್ರಶ್ನೆನ ಬರೂದಿಲ್ಲ, ಯಾರ ಕೆನೆಲಿಗೂ ನಿಮ್ಮ ರೊಕ್ಕ ಹೋಗೂದಿಲ್ಲ. ಬಿಸಲಿಗೆ ಒಗ್ಗಿದ ಮೈ, ರೋಗ ತಡ್ಕೊಳ್ಳೋ ತಾಕತ್ತು. ಬೆಳದ ಮ್ಯಾಲೆ ಎಷ್ಟು ದೊಡ್ಡದು ಆಗ್ತೈತಿ, ಸ್ವಭಾವ ಹೆಂಗ ಬರ್ತೈತಿ ಅಂತ ಹೇಳಾಕಾಗೂದಿಲ್ಲ, ಅದೊಂದು ಒಪ್ಕೋಬೇಕು. ಲಸಿಕಿ, ಜಂತಿನ ಔಷಧ, ಮುಂದ ಆಪರೇಷನ್, ಖರ್ಚು ಬರೇ ಇಷ್ಟ. ಜುಲೈ 6ಕ್ಕ ಪ್ರಾಣಿಜನ್ಯ ರೋಗಗಳ ದಿನ ಅಂತ ಪಶು ಆಸ್ಪತ್ರಿಯೊಳಗ ರೇಬೀಸ್ ಲಸಿಕಿ ಕ್ಯಾಂಪ್ ಇರ್ತಾವ, ಅದನ್ನೂ ಉಪಯೋಗ ಮಾಡ್ಕೋರಿ.

ನಿಮ್ಮ ಮನಿ, ನಿಮ್ಮ ಊರು, ನಿಮ್ಮ ಕಿಸೆ

ವಿಜಯಪುರದಾಗ ಏಪ್ರಿಲ್-ಮೇ ತಿಂಗಳದಾಗ ಬಿಸಲು ನಲವತ್ತು ದಾಟ್ತೈತಿ, ಅಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್, ಚಪ್ಪಟಿ ಮೂಗಿನ ಪಗ್ ತರೂದು ನಾಯಿಗೆ ಶಿಕ್ಷೆ, ಕರೆಂಟ್ ಹೋದ ಮಧ್ಯಾಹ್ನ ನೆನಸ್ಕೋರಿ. ಎಂಥಾ ಛಲೋ ತಪಾಸಣಾ ವರದಿ ಇರೋ ಕೆನೆಲಿಂದ ತಂದ್ರೂ ಇದು ಬದಲಾಗೂದಿಲ್ಲ. ಬೆಳಗಾವಿ ಹವಾ ತಂಪು, ಟಿಳಕವಾಡಿ ಫ್ಲ್ಯಾಟಿನ್ಯಾಗ ಲ್ಯಾಬ್ ನಡೀತೈತಿ, ದಿನಾ ಎರಡು ಹೊತ್ತು ಅಡ್ಡಾಡ್ಸೂದಿದ್ರ. ಮುಧೋಳ ನಾಯಿ ಫ್ಲ್ಯಾಟಿಗೆ ಬ್ಯಾಡ, ಅದಕ್ಕ ಓಡ್ಲಿಕ್ಕ ಬೇಕು, ದಿನಾ ಕಟ್ಟಿಹಾಕಿದ್ರ ಸಿಡುಕ ಆಗ್ತೈತಿ. ಜಮಖಂಡಿ, ಮಹಾಲಿಂಗಪುರ ಕಡೆ ಕಬ್ಬಿನ ಹೊಲದಾಗ ಮನಿ ಐತಿ, ಕಾವಲಿಗೆ ಬೇಕು ಅನ್ನಾವ್ರು ತಿಮ್ಮಾಪುರಕ್ಕ ಹೆಸರು ಹಚ್ಚಿ ಕಾಯ್ರಿ, ಕಾಯ್ಲಿಕ್ಕ ಆಗೂದಿಲ್ಲ ಅಂದ್ರ ಹಳ್ಳಿ ಮನಿ. ರಾಟ್‌ವೈಲರ್ ಕೇಳಾವ್ರಿಗೆ ಒಂದು ಮಾತು, 2024ರ ಮಾರ್ಚ್‌ನ್ಯಾಗ ಕೇಂದ್ರ 23 ಜಾತಿ ಮ್ಯಾಲೆ ನಿರ್ಬಂಧ ಹಾಕಿತ್ತು, ಏಪ್ರಿಲ್‌ನ್ಯಾಗ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆ ರದ್ದು ಮಾಡ್ತು. ನಿರ್ಬಂಧ ಹೋಗೈತಿ ಅಂದ ಕೂಡಲೆ ಮೊದಲ ಸಲ ಸಾಕಾವ್ರಿಗೆ ಆ ನಾಯಿ ಹೊಂದ್ತೈತಿ ಅಂತ ಅಲ್ಲ.

ಬಜೆಟ್ ಕಡಿಮಿ ಇದ್ದಾವ್ರು ಅಗ್ಗದ ಜಾತಿ ಮರಿ ಹುಡುಕೂದು ಬಿಟ್ಟು ಓಣಿ ಮರಿ ತರೂದು ಎಲ್ಲಾ ರೀತಿಯಿಂದ ಲೇಸು, ಅರ್ಧ ದರದಾಗ ಸಿಗೋ ಜಾತಿ ಮರಿ ಯಾಕ ಅರ್ಧ ದರಕ್ಕ ಸಿಗ್ತೈತಿ ಅಂತ ಈಗ ಗೊತ್ತಾಗಿರ್ಬೇಕು. ನಡುವಿನ ಬಜೆಟ್‌ನವ್ರು ವಂಶದ ಕಾಗದಕ್ಕ ಕೊಡೋ ಹೆಚ್ಚಿನ ರೊಕ್ಕ ಉಳಿಸಿ, ನೋಂದಣಿ, ಚಿಪ್, ಲಸಿಕಿ ಸರಿ ಇರೋ ಮರಿ ತಗೊಳ್ರಿ, ಶೋಗೆ ಹೋಗೂದಿಲ್ಲ ಅಂದ್ರ ಅಜ್ಜನ ಹೆಸರು ಯಾಕ ಬೇಕು.

ತಗೊಳ್ಳೋ ದಿನಾ ಚಿಪ್ ರೀಡರ್ ಇರೋ ಡಾಕ್ಟರ ಹತ್ರ ಮರಿ ಒಯ್ದು ಹದಿನೈದು ಅಂಕಿಯ ನಂಬರ್ ಪುಸ್ತಕದ ನಂಬರಿಗೆ ಕೂಡ್ತೈತೇನು ನೋಡ್ರಿ, ಆಮ್ಯಾಲೆ ರೊಕ್ಕ. ನಗದು ಕೊಡಬ್ಯಾಡ್ರಿ, ಫೋನ್‌ಪೇ ಮಾಡ್ರಿ, ಮೆಸೇಜ್ ಜಾಗಾದಾಗ ಯಾವ ಜಾತಿ ಮರಿ, ಚಿಪ್‌ನ ಕಡೀ ನಾಕು ಅಂಕಿ ಬರೀರಿ. ಮರಿ ಎರಡ ದಿನದಾಗ ಜಡ್ಡು ಬಿದ್ದು ಮಾರಾವ ಫೋನ್ ಎತ್ತಲಿಲ್ಲ ಅಂದ್ರ ಜಿಲ್ಲಾ ಗ್ರಾಹಕರ ಆಯೋಗ ಐತಿ, ಐದು ಲಕ್ಷದ ತನಕದ ವ್ಯವಹಾರಕ್ಕ ಅಲ್ಲಿ ಶುಲ್ಕ ಇಲ್ಲ. ಅಲ್ಲಿ ರಸೀದಿ, ಡಾಕ್ಟರ ಚೀಟಿ, ಆ ಫೋನ್‌ಪೇ ಸ್ಕ್ರೀನ್‌ಶಾಟ್ ಇಷ್ಟ ಕೇಳ್ತಾರ, ಮೂರೂ ಒಂದ ಫೈಲಿನ್ಯಾಗ ಹಾಕಿ ಲಸಿಕಿ ಪುಸ್ತಕದ ಜೊತಿ ಇಡ್ರಿ.